ಅಚ್ಚು ಮುರಿಯುವ ಮುನ್ನವೇ

2025ನೆಯ ಇಸವಿ ಅಕ್ಟೋಬರ್ 14ನೆಯ ತಾರೀಖಿನಂದು ಮೈಕ್ರೋಸಾಫ್ಟ್ ಕಂಪನಿಯವರು ವಿಂಡೋಸ್ 10 ಎಂಬ ತಮ್ಮ ಆಪರೇಟಿಂಗ್ ಸಿಸ್ಟಮ್ಮಿಗೆ ವಾಡಿಕೆಯಂತೆ ಒದಗಿಸುತ್ತಿದ್ದ ತಿದ್ದುಪಡಿಗಳನ್ನು ನಿಲ್ಲಿಸಿದರು. ಅಂದು ಅದರಿಂದಾಗಿ ಯಾವ ಗಣಕಯಂತ್ರವೂ ಕೆಟ್ಟು ನಿಲ್ಲಲಿಲ್ಲ; ಯಾವ ಕಚೇರಿಯ ಬಾಗಿಲೂ ಮುಚ್ಚಲಿಲ್ಲ; ಮರುದಿನವೂ ಪರದೆಗಳು ಎಂದಿನಂತೆಯೇ ಬೆಳಗಿದುವು. ಸದ್ದುಗದ್ದಲವಿಲ್ಲದೆ ಬರುವ ಅಪಾಯವನ್ನು ಅಪಾಯವೆಂದು ಎಣಿಸುವವರು ಲೋಕದಲ್ಲಿ ಕಡಮೆ. ಆದುದರಿಂದಲೇ ಈ ವಿಷಯವನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಇದು ಬೆಂಗಳೂರಿನ ತಂತ್ರಜ್ಞರ ವಿಷಯ, ಶೇಂಗಾ ಬೆಳೆಯುವ ಕೂಡ್ಲಿಗಿಯ ರೈತನಿಗೂ ಮಲ್ಲಿಗೆ ಬಿಡಿಸುವ ಹಡಗಲಿಯ ತಾಯಂದಿರಿಗೂ ಇದರಿಂದ ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ನಾವು ಅವರನ್ನೇ ಮರಳಿ ಕೇಳುತ್ತೇವೆ: ಆ ರೈತನ ಪಹಣಿ ಇಂದು ಎಲ್ಲಿದೆ? ಶಾನುಭೋಗರ ದಫ್ತರವು ಹೋಗಿ ಎಷ್ಟೋ ಕಾಲವಾಯಿತು. ‘ಭೂಮಿ’ ಯೋಜನೆಯು ನಡೆದು, ಈ ಶತಮಾನದ ಆರಂಭದ ವರ್ಷಗಳಲ್ಲಿಯೇ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದುವು. ಕೈಬರಹದ ಪಹಣಿಗೆ ಬೆಲೆಯಿಲ್ಲದಾಯಿತು. ಹಳ್ಳಿಯ ಮನೆಯ ದಾಖಲೆಯು ಇ-ಸ್ವತ್ತಿನಲ್ಲಿದೆ. ಜಾತಿ, ಆದಾಯಗಳ ಪ್ರಮಾಣಪತ್ರವು ನಾಡಕಚೇರಿಯ ಯಂತ್ರದಿಂದ ಹೊರಬೀಳುತ್ತದೆ. ನ್ಯಾಯಬೆಲೆ ಅಂಗಡಿಯ ಅಕ್ಕಿಯು ಬೆರಳಿನ ಗುರುತನ್ನು ಯಂತ್ರವು ಒಪ್ಪಿದ ಮೇಲೆ ಚೀಲಕ್ಕೆ ಬೀಳುತ್ತದೆ. ಹರಪನಹಳ್ಳಿಯ ಜನರು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಅನಂತರ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯವರಾದರು. ಜಿಲ್ಲೆಯ ಹೆಸರು ಇಷ್ಟು ಸಲ ಬದಲಾದರೂ ಅವರ ಹೊಲದ ಹಕ್ಕು ಉಳಿದಿರುವುದು ದಾಖಲೆಯು ಕೆಡದೆ ಉಳಿದಿರುವುದರಿಂದ. ಆ ದಾಖಲೆಯನ್ನು ಹೊತ್ತಿರುವ ಯಂತ್ರದ ಯೋಗಕ್ಷೇಮವು ನಮ್ಮ ಯೋಗಕ್ಷೇಮವಲ್ಲವೆ?

ಗಣಕಯಂತ್ರದಲ್ಲಿ ಕಾಣುವ ಚಿತ್ರ, ಅಕ್ಷರ, ಗುಂಡಿಗಳೆಲ್ಲ ಮೇಲಿನ ಅಲಂಕಾರ. ಅವೆಲ್ಲಕ್ಕೂ ಅಡಿಯಲ್ಲಿದ್ದು ಯಂತ್ರವನ್ನು ಆಳುವ ಭಾಗಕ್ಕೆ ಕರ್ನೆಲ್ ಎಂದು ಹೆಸರು. ತಿರುಳು ಎಂದರೂ ಸಲ್ಲುತ್ತದೆ. ನಮ್ಮ ಕೆರೆಗಳ ನೀರಗಂಟಿಯನ್ನು ಬಲ್ಲವರಿಗೆ ಇದರ ಕೆಲಸವನ್ನು ವಿವರಿಸುವುದು ಕಷ್ಟವಲ್ಲ. ತೂಬನ್ನು ಎಷ್ಟು ಹೊತ್ತು ತೆರೆಯಬೇಕು, ಯಾರ ಗದ್ದೆಗೆ ಎಷ್ಟು ನೀರು, ಯಾರ ಸರದಿ ಯಾವಾಗ ಎಂಬುದನ್ನು ನೀರಗಂಟಿಯು ನಿರ್ಣಯಿಸುವಂತೆ, ಯಾವ ಕಾರ್ಯಕ್ರಮಕ್ಕೆ ಎಷ್ಟು ಸ್ಮೃತಿ, ಎಷ್ಟು ಕಾಲ, ಯಾವ ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ಕರ್ನೆಲ್ ನಿರ್ಣಯಿಸುತ್ತದೆ. ಒಬ್ಬನ ಪಾಲಿಗೆ ಇನ್ನೊಬ್ಬನು ಕೈಹಾಕದಂತೆ ತಡೆಯುವುದೂ ಅದರದೇ ಕೆಲಸ. ನೀರಗಂಟಿಯೇ ಕಣ್ತಪ್ಪಿದರೆ ಗದ್ದೆಗೆ ಬೇಲಿ ಹಾಕಿ ಫಲವಿಲ್ಲ. ಕರ್ನೆಲ್ಲಿನಲ್ಲಿ ಬಿರುಕಿದ್ದರೆ ಮೇಲಿನ ಬೀಗಮುದ್ರೆಗಳೆಲ್ಲ ವ್ಯರ್ಥ.

ಬಿರುಕು ಇರುವುದೇಕೆ? ಮನುಷ್ಯರು ಬರೆದುದರಿಂದ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್ ಇಂದು 3 ಕೋಟಿ ಸಾಲುಗಳಿಗೂ ಮಿಕ್ಕು ಬೆಳೆದಿದೆ. ಅಷ್ಟು ದೊಡ್ಡ ಬರವಣಿಗೆಯಲ್ಲಿ ತಪ್ಪಿಲ್ಲವೆಂದು ಹೇಳುವವನು ಮೂಢನಾಗಿರಬೇಕು, ಇಲ್ಲವೆ ವ್ಯಾಪಾರಿಯಾಗಿರಬೇಕು. ಅದನ್ನು ನೋಡಿಕೊಳ್ಳುವವರು ಹಾಗೆ ಹೇಳುವುದಿಲ್ಲ. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿಯನ್ನೂ, ಹೆಚ್ಚು ಕಡಮೆ ಪ್ರತಿ ವಾರವೂ ಹಳೆಯ ಆವೃತ್ತಿಗಳಿಗೆ ತಿದ್ದುಪಡಿಗಳನ್ನೂ ಅವರು ಹೊರಡಿಸುತ್ತಾರೆ. 2024ರ ಫೆಬ್ರುವರಿಯಿಂದ ಭದ್ರತಾ ದೋಷಗಳಿಗೆ ತಾವೇ ಸಂಖ್ಯೆ ಕೊಟ್ಟು ಪ್ರಕಟಿಸುತ್ತಿದ್ದಾರೆ. ಅಂಥ ಸಂಖ್ಯೆಗಳು ವರ್ಷಕ್ಕೆ ಸಾವಿರಾರು. ಇದನ್ನು ಕೇಳಿ ಗಾಬರಿಯಾಗಬೇಕಾದುದಿಲ್ಲ. ತನ್ನ ದೋಷವನ್ನು ತಾನೇ ಲೆಕ್ಕವಿಟ್ಟು ತಿದ್ದುವ ಮನೆಯು, ದೋಷವೇ ಇಲ್ಲವೆಂದು ಸಾರುವ ಮನೆಗಿಂತ ನಂಬಿಕೆಗೆ ಯೋಗ್ಯವಾದುದು. ಆದರೆ ಅವರು ತಿದ್ದಿದುದು ನಮ್ಮ ಯಂತ್ರಕ್ಕೆ ಬಂದು ಮುಟ್ಟಿತೇ ಎಂಬುದು ಬೇರೆಯ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದವರು ನಾವು.

2017ನೆಯ ಇಸವಿಯ ವೃತ್ತಾಂತವನ್ನು ನೋಡಿರಿ. ವಿಂಡೋಸ್ ಯಂತ್ರಗಳು ಕಡತಗಳನ್ನು ಪರಸ್ಪರ ಹಂಚಿಕೊಳ್ಳಲು ಬಳಸುವ, ಕರ್ನೆಲ್ಲಿನ ಮಟ್ಟದಲ್ಲಿಯೇ ನಡೆಯುವ ಒಂದು ಭಾಗದಲ್ಲಿ ದೋಷವಿತ್ತು. ಮೈಕ್ರೋಸಾಫ್ಟಿನವರು ಮಾರ್ಚ್ 14ರಂದು ಅದಕ್ಕೆ ತಿದ್ದುಪಡಿಯನ್ನು ಕೊಟ್ಟರು. ಮೇ 12ರಂದು ‘ವಾನಾಕ್ರೈ’ ಎಂಬ ದುಷ್ಟ ಕಾರ್ಯಕ್ರಮವು ಅದೇ ದೋಷದ ಮೂಲಕ ನುಗ್ಗಿ, ಕೆಲವೇ ದಿನಗಳಲ್ಲಿ 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಯಂತ್ರಗಳ ಕಡತಗಳಿಗೆ ಬೀಗ ಜಡಿದು ಸುಲಿಗೆಯ ಹಣವನ್ನು ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ 19,000ಕ್ಕೂ ಮಿಕ್ಕು ರೋಗಿಗಳ ಭೇಟಿಗಳು ರದ್ದಾದುವೆಂದು ಅಲ್ಲಿಯ ಲೆಕ್ಕಪರಿಶೋಧಕರು ಅಂದಾಜು ಮಾಡಿದರು. ನಮ್ಮ ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಯಂತ್ರಗಳೂ ಅದರ ಬಾಯಿಗೆ ಬಿದ್ದುವು. ಮದ್ದು ಬಂದ ದಿನಕ್ಕೂ ರೋಗ ಬಂದ ದಿನಕ್ಕೂ ನಡುವೆ 59 ದಿನಗಳ ಅವಕಾಶವಿತ್ತು! ಮದ್ದನ್ನು ಕುಡಿದ ಯಂತ್ರಗಳಿಗೆ ಆ ದಾರಿಯಿಂದ ರೋಗ ಹತ್ತಲಿಲ್ಲ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ನಮ್ಮ ಹಿರಿಯರ ಗಾದೆಯು ಇಲ್ಲಿ ಅಕ್ಷರಶಃ ನಿಜವಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸತಕ್ಕದ್ದು. ತಿದ್ದುಪಡಿಯು ಪ್ರಕಟವಾದ ದಿನದಿಂದ ಅಪಾಯವು ಕಡಮೆಯಾಗುತ್ತದೆಂದು ಸಾಮಾನ್ಯರು ತಿಳಿಯುತ್ತಾರೆ. ಅದನ್ನು ಹಾಕಿಕೊಂಡವರ ಮಟ್ಟಿಗೆ ಅದು ಸರಿ. ಹಾಕಿಕೊಳ್ಳದವರ ಮಟ್ಟಿಗಾದರೋ ಅಪಾಯವು ಆ ದಿನದಿಂದ ಹೆಚ್ಚುತ್ತದೆ. ಏಕೆಂದರೆ ಗೋಡೆಯ ಯಾವ ಕಲ್ಲು ಸಡಿಲವಾಗಿತ್ತೆಂಬುದನ್ನು ಗಾರೆಯ ಹೊಸ ಗುರುತು ಕಳ್ಳನಿಗೂ ತೋರಿಸಿಕೊಡುತ್ತದೆ. ಅವನು ನಮ್ಮ ಮನೆಗೆ ಬಂದು ಅದೇ ಕಲ್ಲನ್ನು ತಳ್ಳಿ ನೋಡುತ್ತಾನೆ. ಈ ಪ್ರಕಟಣೆಗಳು ಮೈಲಾರದ ಕಾರಣಿಕದಂತೆ ಒಂದೇ ಸಾಲಿನಲ್ಲಿ ನುಡಿದು ಅರ್ಥವನ್ನು ಕೇಳುವವರ ಊಹೆಗೆ ಬಿಡುವಂಥವಲ್ಲ. ಯಾವ ಆವೃತ್ತಿ, ಯಾವ ದೋಷ, ಯಾವ ಪರಿಹಾರ ಎಂಬುದನ್ನು ಬಿಡಿಸಿ ಹೇಳುತ್ತವೆ. ಓದಬೇಕಾದವರು ಓದದಿದ್ದರೆ ಓದಬಾರದವರು ಓದುತ್ತಾರೆ.

ಭದ್ರತೆಗೆ ಸಂಬಂಧಿಸಿದ ತಿದ್ದುಪಡಿಗಳನ್ನು ಮಾತ್ರ ಹಾಕಿಕೊಂಡು ಉಳಿದ ಸಣ್ಣಪುಟ್ಟ ದೋಷಗಳ ತಿದ್ದುಪಡಿಗಳನ್ನು ಬಿಟ್ಟರಾಗದೇ ಎಂದು ಕೇಳುವವರೂ ಉಂಟು. ಅವರಿಗೆ 2022ರ ಒಂದು ಪ್ರಸಂಗವು ಉತ್ತರವಾಗಿದೆ. ಮ್ಯಾಕ್ಸ್ ಕೆಲ್ಲರ್‌ಮನ್ ಎಂಬ ಜರ್ಮನಿಯ ತಂತ್ರಜ್ಞರ ಬಳಿಗೆ, ಗಿರಾಕಿಯೊಬ್ಬರ ಲೆಕ್ಕದ ಕಡತಗಳು ಕೆಟ್ಟುಬರುತ್ತಿವೆಯೆಂಬ ಸಾಧಾರಣ ದೂರು ಬಂದಿತ್ತು. ಕಡತದ ಕೊನೆಯಲ್ಲಿ ಕೆಲವೇ ಅಕ್ಷರಗಳ ವ್ಯತ್ಯಾಸ, ಮತ್ತೇನೂ ಇಲ್ಲ. ಬೇರೊಬ್ಬರಾಗಿದ್ದರೆ ತಿದ್ದಿ ಕೊಟ್ಟು ಕೈತೊಳೆಯುತ್ತಿದ್ದರು. ಅವರು ತಿಂಗಳುಗಟ್ಟಲೆ ಬೆನ್ನುಹತ್ತಿ ಹೋಗಿ, ದೋಷವು ಲಿನಕ್ಸ್ ಕರ್ನೆಲ್ಲಿನಲ್ಲಿಯೇ ಇದೆಯೆಂದು ಕಂಡುಕೊಂಡರು. ಓದಲು ಮಾತ್ರ ಅನುಮತಿಯುಳ್ಳ ಸಾಮಾನ್ಯನು ಆ ಬಿರುಕಿನ ಮೂಲಕ ಕಡತವನ್ನೇ ತಿದ್ದಿ, ಯಂತ್ರದ ಸರ್ವಾಧಿಕಾರವನ್ನು ಪಡೆಯಬಹುದಾಗಿತ್ತು. ಪಹಣಿಯನ್ನು ನೋಡಿಹೋಗಲು ಬಂದವನು ಅದರಲ್ಲಿ ತನ್ನ ಹೆಸರನ್ನು ಬರೆದು ಹೋದಂತೆ! ಫೆಬ್ರುವರಿ 20ರಂದು ಅವರು ವರದಿ ಮಾಡಿದರು. 23ರಂದು ತಿದ್ದುಪಡಿಯುಳ್ಳ ಆವೃತ್ತಿಗಳು ಹೊರಬಂದುವು. ಮಾರ್ಚ್ 7ರಂದು ದೋಷವನ್ನು ಜಗತ್ತಿಗೆ ತಿಳಿಸಲಾಯಿತು. ಇದಕ್ಕೆ ‘ಡರ್ಟಿ ಪೈಪ್’ ಎಂದು ಹೆಸರಾಯಿತು. ಇದಕ್ಕೆ ಮೊದಲು 2016ರಲ್ಲಿ ಪ್ರಕಟವಾದ ‘ಡರ್ಟಿ ಕೌ’ ಎಂಬ ಇಂಥದೇ ದೋಷವು 2007ರಿಂದ ಒಂಬತ್ತು ವರ್ಷಗಳ ಕಾಲ ಅಡಗಿಕೊಂಡಿತ್ತು. ಇಂದು ಸಣ್ಣದೆಂದು ಕಂಡ ದೋಷವು ನಾಳೆ ಕಳ್ಳಗಿಂಡಿಯಾಗಿ ತೋರಬಹುದು. ಆರಿಸಿ ಆರಿಸಿ ತಿದ್ದಿಕೊಳ್ಳುವುದು ವಿವೇಕವಲ್ಲ.

ಗಣಕಯಂತ್ರವಿಲ್ಲದ ಮನೆಗೂ ಈ ಮಾತು ಸಲ್ಲುತ್ತದೆ. ಆಂಡ್ರಾಯ್ಡ್ ಫೋನಿನ ಒಳಗಿರುವುದು ಲಿನಕ್ಸ್ ಕರ್ನೆಲ್ಲೇ. ಕೊಟ್ಟೂರಿನ ಸಂತೆಯಲ್ಲಿ ತರಕಾರಿ ಮಾರುವವರ ಬಳಿಯೂ ಹಣ ಪಡೆಯುವ ಯು.ಪಿ.ಐ. ಚೀಟಿ ಇರುವ ಕಾಲವಿದು. ಒಂದು ಕುಟುಂಬದ ಬ್ಯಾಂಕ್ ಖಾತೆಯೇ ಅಂಗಿಯ ಜೇಬಿನಲ್ಲಿರುತ್ತದೆ. ಹಿರಿಯ ಮಗನು ಬಳಸಿ ಬಿಟ್ಟ ಫೋನು ತಂದೆಗೂ, ಆತನಿಂದ ಸಣ್ಣ ಮಗಳ ಓದಿಗೂ ದಾಟುವುದು ನಮ್ಮ ಮಿತವ್ಯಯದ ಪದ್ಧತಿ. ಪದ್ಧತಿಯು ಒಳ್ಳೆಯದೇ. ಆದರೆ ಅಗ್ಗದ ಫೋನುಗಳನ್ನು ಮಾಡುವ ಅನೇಕರು ಎರಡು ಮೂರು ವರ್ಷಗಳಿಗೆ ತಿದ್ದುಪಡಿಗಳನ್ನು ನಿಲ್ಲಿಸಿಬಿಡುತ್ತಾರೆ. ಫೋನು ಗಟ್ಟಿಯಾಗಿರುತ್ತದೆ, ಅದರ ಕಾವಲು ಹೋಗಿರುತ್ತದೆ.

ನ್ಯಾಯವಾದ ಮಾತನ್ನೂ ಇಲ್ಲಿ ಹೇಳಬೇಕು. ಫೋನು ಮಾಡಿ ಓ.ಟಿ.ಪಿ. ಕೇಳಿ ಮೋಸಮಾಡುವ ಧೂರ್ತನಿಗೆ ಕರ್ನೆಲ್ಲಿನ ದೋಷ ಬೇಕಾಗಿಲ್ಲ. ನಾವೇ ಬಾಗಿಲು ತೆರೆದರೆ ಯಾವ ತಿದ್ದುಪಡಿಯೂ ನಮ್ಮನ್ನು ಕಾಯಲಾರದು. ಅದಕ್ಕೆ ಎಚ್ಚರವೇ ಮದ್ದು. ಆದರೆ ಮದುವೆಯ ಕರೆಯೋಲೆಯೆಂದು, ವಾಹನದ ದಂಡದ ಚೀಟಿಯೆಂದು ವಾಟ್ಸಾಪಿನಲ್ಲಿ ಕಳುಹಿಸುವ ಕಳ್ಳ ಆ್ಯಪನ್ನು ಒಬ್ಬನು ತಿಳಿಯದೆ ತೆರೆದನೆನ್ನಿರಿ. ಒಂದು ಆ್ಯಪಿನ ಕೈ ಇನ್ನೊಂದರ ಗುಟ್ಟಿಗೆ ತಾಕದಂತೆ ನಡುವೆ ಗೋಡೆಯಾಗಿ ನಿಲ್ಲುವುದು ಕರ್ನೆಲ್. ಮನುಷ್ಯನು ಒಮ್ಮೆ ಎಡವಿದಾಗ ಅವನನ್ನು ಹಿಡಿಯುವ ಆ ಗೋಡೆಯು ಭದ್ರವಾಗಿರಬೇಡವೆ?

ಈ ವಿಷಯದಲ್ಲಿ ಕೇಳಿಬರುವ ಆಕ್ಷೇಪಣೆಗಳನ್ನು ಪರಿಶೀಲಿಸೋಣ. ಮೊದಲನೆಯದು, ನಮ್ಮಂಥ ಹಿಂದುಳಿದ ತಾಲ್ಲೂಕುಗಳಲ್ಲಿ ಕಳ್ಳನಿಗೆ ಸಿಗುವುದೇನು ಎಂಬುದು. ವಾನಾಕ್ರೈ ಯಾರ ವಿಳಾಸವನ್ನೂ ವಿಚಾರಿಸಲಿಲ್ಲ. ತೆರೆದ ಬಾಗಿಲು ಸಿಕ್ಕಲ್ಲೆಲ್ಲ ಹೊಕ್ಕಿತು. 2024ರ ಜುಲೈ ಕೊನೆಯಲ್ಲಿ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಒದಗಿಸುವ ಒಂದು ಸಂಸ್ಥೆಯ ಮೇಲೆ ಸುಲಿಗೆಯ ದಾಳಿಯಾದಾಗ, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆಯು ತಾತ್ಕಾಲಿಕವಾಗಿ ನಿಂತಿತು. ಅಲ್ಲಿ ಹೊಕ್ಕ ದಾರಿ ಕರ್ನೆಲ್ಲಿನದಲ್ಲ. ಆದರೆ ಸಹಕಾರಿ ಬ್ಯಾಂಕುಗಳನ್ನೂ ಗ್ರಾಮೀಣ ಬ್ಯಾಂಕುಗಳನ್ನೂ ನಂಬಿದ ಹಳ್ಳಿಯವರೇ ಆ ಪೆಟ್ಟನ್ನು ತಿಂದರು. ಬಡವನ ಮನೆಯಲ್ಲಿ ಕಳ್ಳತನವಾಗುವುದಿಲ್ಲವೆಂಬುದು ಬಡವರಾರೂ ಒಪ್ಪದ ಮಾತು.

ಎರಡನೆಯ ಆಕ್ಷೇಪಣೆಯು ಇದಕ್ಕಿಂತ ತೂಕವುಳ್ಳದ್ದು. ತಿದ್ದುಪಡಿಯೇ ಯಂತ್ರವನ್ನು ಕೆಡಿಸುವುದುಂಟಲ್ಲ! ಉಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯವರು ಕಳುಹಿಸಿದ ದೋಷಯುಕ್ತ ಪರಿಷ್ಕರಣವು, ವಿಂಡೋಸ್ ಕರ್ನೆಲ್ಲಿನೊಳಗೆ ಓಡುವ ಅವರ ಕಾರ್ಯಕ್ರಮದ ಮೂಲಕ ಜಗತ್ತಿನ ಸುಮಾರು 85 ಲಕ್ಷ ಯಂತ್ರಗಳನ್ನು ಕೆಡವಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರು ಗಂಟೆಗಟ್ಟಲೆ ಸಾಲುಗಟ್ಟಿ ನಿಂತರು. ಪ್ರಯಾಣದ ಚೀಟಿಗಳನ್ನು ಕೈಯಿಂದ ಬರೆದುಕೊಡಬೇಕಾಯಿತು. ಆದರೆ ಇದರಿಂದ ಕಲಿಯತಕ್ಕ ಪಾಠವೇನು? ಪರೀಕ್ಷಿಸದೆ ಎಲ್ಲ ಯಂತ್ರಗಳಿಗೂ ಒಂದೇ ಗಳಿಗೆಯಲ್ಲಿ ಹಚ್ಚಬಾರದು ಎಂಬುದು ಹೊರತು ಎಂದೂ ಹಚ್ಚಬಾರದು ಎಂಬುದಲ್ಲ. ಹೊಸ ತಳಿಯ ಬೀಜವನ್ನು ರೈತನು ಮೊದಲು ಒಂದು ಮಡಿಯಲ್ಲಿ ಬಿತ್ತಿ ನೋಡುತ್ತಾನೆ. ಚೆನ್ನಾಗಿ ಬಂದರೆ ಇಡೀ ಹೊಲಕ್ಕೆ ಬಿತ್ತುತ್ತಾನೆ. ಕಚೇರಿಯಲ್ಲಿಯೂ ಒಂದು ಯಂತ್ರಕ್ಕೆ ಮೊದಲು ಹಾಕಿ, ದಾಖಲೆಗಳ ಪ್ರತಿಯನ್ನು ಬೇರೆಡೆ ತೆಗೆದಿಟ್ಟು, ಕೆಟ್ಟರೆ ಹಿಂದಿನ ಕರ್ನೆಲ್ಲಿಗೆ ಮರಳುವ ದಾರಿಯನ್ನು ಉಳಿಸಿಕೊಂಡು, ಮರುದಿನ ಉಳಿದವಕ್ಕೆ ಹಾಕುವುದು ಅಸಾಧ್ಯವೇನೂ ಅಲ್ಲ. ಔಷಧವು ಒಬ್ಬನಿಗೆ ಒಗ್ಗಲಿಲ್ಲವೆಂದು ಊರಿನ ಆಸ್ಪತ್ರೆಯನ್ನು ಯಾರಾದರೂ ಮುಚ್ಚುತ್ತಾರೆಯೆ?

ಮೂರನೆಯದು, ಪುರುಸೊತ್ತಿಲ್ಲವೆಂಬುದು. ಮುಂದೆ ಜನರ ಸಾಲು ನಿಂತಿರುವಾಗ ಯಂತ್ರವನ್ನು ನಿಲ್ಲಿಸುವುದು ಹೇಗೆಂದು ಗುಮಾಸ್ತರು ಕೇಳುತ್ತಾರೆ. ಅವರ ಕಷ್ಟವು ನಿಜ. ಆದರೆ ಕರ್ನೆಲ್ಲಿನ ತಿದ್ದುಪಡಿಯು ಸಾಮಾನ್ಯವಾಗಿ ಯಂತ್ರವನ್ನು ಒಮ್ಮೆ ಮುಚ್ಚಿ ತೆರೆದ ಹೊರತು ಜಾರಿಗೆ ಬಾರದು. ತಿಂಗಳುಗಟ್ಟಲೆ ಮುಚ್ಚದ ಯಂತ್ರದಲ್ಲಿ ಹೊಸ ಕರ್ನೆಲ್ ಪೆಟ್ಟಿಗೆಯಲ್ಲಿರುತ್ತದೆ, ಹಳೆಯದೇ ಗಾದಿಯಲ್ಲಿರುತ್ತದೆ. ವಾರಕ್ಕೊಂದು ಸಾಯಂಕಾಲ ಕಚೇರಿಯ ಕೆಲಸ ಮುಗಿದ ಮೇಲೆ ಇದಕ್ಕಾಗಿ ಅರ್ಧ ಗಂಟೆಯನ್ನು ಮೀಸಲಿಟ್ಟರೆ ಸಾಕು.

ಅರ್ಧ ಗಂಟೆಯನ್ನು ಉಳಿಸಿದುದರ ಬೆಲೆಯೇನೆಂಬುದನ್ನು ನಮ್ಮ ಸೀಮೆಯವರಿಗೆ ಪರದೇಶದ ಉದಾಹರಣೆಗಳಿಂದ ತಿಳಿಸಬೇಕಾಗಿಲ್ಲ. 2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರನ ಮಹಾರಥವು ಸಾವಿರಾರು ಭಕ್ತರ ನಡುವೆ ಕುಸಿದು ಬಿದ್ದು ಜನರು ಗಾಯಗೊಂಡರು. ಚಕ್ರದ ಅಚ್ಚು ಮುರಿದುದೇ ಕಾರಣವೆಂದು ಆಗ ವರದಿಯಾಯಿತು. ತೇರಿನ ಪತಾಕೆ, ಹೂವಿನ ಹಾರಗಳು ಎಲ್ಲರ ಕಣ್ಣಿಗೆ ಬೀಳುತ್ತವೆ. ಅಷ್ಟೆಲ್ಲ ಭಾರವನ್ನು ಹೊತ್ತ ಅಚ್ಚು ಯಾರ ಕಣ್ಣಿಗೂ ಬೀಳುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿಯು ಕಡಿದು, ಗೇಟು ಕೊಚ್ಚಿಹೋಯಿತು. 33 ಗೇಟುಗಳಲ್ಲಿ ಒಂದರ ಒಂದು ಸರಪಳಿ! ತುಂಬಿದ ಜಲಾಶಯದ ಹತ್ತಾರು ಟಿ.ಎಂ.ಸಿ. ನೀರು ನದಿಯ ಪಾಲಾಯಿತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಲು ತಜ್ಞರೂ ಕಾರ್ಮಿಕರೂ ಒಂದು ವಾರ ಹಗಲಿರುಳು ಹೆಣಗಿದರು. ಅಚ್ಚಿಗೂ ಸರಪಳಿಗೂ ಕರ್ನೆಲ್ಲಿಗೂ ಸ್ವಭಾವವೊಂದೇ: ಕಾಣದಿರುವ ತನಕ ಮರೆತಿರುತ್ತೇವೆ, ಮುರಿದ ದಿನ ಅದೊಂದೇ ಕಾಣುತ್ತದೆ.

ಆದುದರಿಂದ ಸರಕಾರದ ಮುಂದೆಯೂ ಜನರ ಮುಂದೆಯೂ ನಾವು ಕೆಲವು ಸೂಚನೆಗಳನ್ನು ಇಡುತ್ತೇವೆ.

ವಿಜಯನಗರ ಜಿಲ್ಲೆಯ ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಸರಕಾರಿ ಯಂತ್ರಗಳ ತಿದ್ದುಪಡಿಗೆ ಹೊಣೆಯಾದ ಒಬ್ಬ ನೌಕರನಿರಬೇಕು. ಕೆರೆಗೆ ನೀರಗಂಟಿಯನ್ನು ನೇಮಿಸಿದ ಪೂರ್ವಿಕರು, ಎಲ್ಲರ ಕೆಲಸವು ಯಾರ ಕೆಲಸವೂ ಅಲ್ಲವೆಂಬುದನ್ನು ಬಲ್ಲವರಾಗಿದ್ದರು. ಜನರು ಹೋಗುವ ಕಚೇರಿಗಳಲ್ಲಿ, ಇಲ್ಲಿಯ ಯಂತ್ರಗಳು ಕೊನೆಯ ಬಾರಿ ಯಾವ ತಾರೀಖಿನಂದು ಪರಿಷ್ಕೃತವಾದುವೆಂಬುದನ್ನು ಕನ್ನಡದಲ್ಲಿ ಬರೆದು ಹಾಕಬೇಕು. ಹೋಟೆಲಿನ ಪರವಾನಗಿಯನ್ನು ಗೋಡೆಗೆ ತೂಗುಹಾಕುವಂತೆ ಹೇಳುವ ಸರಕಾರಕ್ಕೆ ತನ್ನ ಗೋಡೆಯಲ್ಲಿ ಇಷ್ಟು ಜಾಗವಿಲ್ಲದೆ ಹೋಗಲಾರದು. 2024ರ ಆಗಸ್ಟಿನಲ್ಲಿ ರಾಜ್ಯ ಸರಕಾರವು ತನ್ನ ಸೈಬರ್ ಭದ್ರತಾ ನೀತಿಯನ್ನು ಪ್ರಕಟಿಸಿತು. ಆ ನೀತಿಯು ತಾಲ್ಲೂಕು ಕಚೇರಿಯ ಮೇಜಿನವರೆಗೆ ಇಳಿಯಲಿ. 2004ರಿಂದ ಕೆಲಸ ಮಾಡುತ್ತಿರುವ ಕೇಂದ್ರದ ಸರ್ಟ್-ಇನ್ ಸಂಸ್ಥೆಯು ಹೊರಡಿಸುವ ಎಚ್ಚರಿಕೆಗಳಲ್ಲಿ ಮುಖ್ಯವಾದುವು ತಿಳಿಗನ್ನಡದಲ್ಲಿ ಗ್ರಾಮ ಪಂಚಾಯಿತಿಗಳಿಗೆ ಮುಟ್ಟಲಿ.

ಹೊಸ ವಿಂಡೋಸನ್ನು ಹೊರಲಾರದ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವ ಮುನ್ನ ಶಾಲೆಗಳೂ ಸಂಘಗಳೂ ಲಿನಕ್ಸನ್ನು ಪ್ರಯೋಗಿಸಿ ನೋಡಲಿ. ಅದಕ್ಕೆ ಬೆಲೆಯಿಲ್ಲ, ತಿದ್ದುಪಡಿಗಳಿಗೂ ಬೆಲೆಯಿಲ್ಲ. ನಮ್ಮ ಸಿ-ಡ್ಯಾಕ್ ಸಂಸ್ಥೆಯವರು ‘ಬಾಸ್’ ಎಂಬ ಲಿನಕ್ಸನ್ನು ಸಿದ್ಧಪಡಿಸಿದ್ದಾರೆ. ಗಡಿಯಾಚೆಯ ಕಾಸರಗೋಡಿನ ಕನ್ನಡ ಮಕ್ಕಳು ಕೇರಳ ಸರಕಾರದ ಶಾಲೆಗಳಲ್ಲಿ ಲಿನಕ್ಸಿನ ಮೇಲೆಯೇ ಪಾಠ ಕಲಿಯುತ್ತಿದ್ದಾರೆ. ಅಲ್ಲಿ ಆದದ್ದು ಹಗರಿಬೊಮ್ಮನಹಳ್ಳಿಯಲ್ಲಿ ಆಗದೆ?

ಇನ್ನು ವ್ಯಾಪಾರಿಗಳ ಮಾತು. ಬಿತ್ತನೆಯ ಬೀಜದ ಚೀಲಕ್ಕೆ ಚೀಟಿ ಹೊಲಿದು, ಎಂದು ಪರೀಕ್ಷೆಯಾಯಿತು, ಎಲ್ಲಿಯವರೆಗೆ ಬಿತ್ತಬಹುದು ಎಂಬುದನ್ನು ಅಚ್ಚುಹಾಕಿರುತ್ತಾರೆ. ನೂರಾರು ರೂಪಾಯಿಯ ಬೀಜಕ್ಕೆ ಇರುವ ಈ ನಿಯಮವು ಸಾವಿರಾರು ರೂಪಾಯಿಯ ಫೋನಿಗೇಕಿಲ್ಲ? ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಎಷ್ಟು ಕಾಲ ಭದ್ರತಾ ತಿದ್ದುಪಡಿಗಳನ್ನು ಕೊಡುವೆವೆಂದು ತಯಾರಕರು ಮೊದಲೇ ತಿಳಿಸಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ಮಾದರಿಯ ಫೋನುಗಳಿಗೆ ಮಾರಾಟ ನಿಂತ ಮೇಲೂ ಐದು ವರ್ಷ ತಿದ್ದುಪಡಿಗಳನ್ನು ಒದಗಿಸಬೇಕೆಂಬ ನಿಯಮವು ಜಾರಿಗೆ ಬಂದಿದೆ. ಅದೇ ಕಂಪನಿಗಳು ಅಲ್ಲಿ ಮಾಡುವುದನ್ನು ಇಲ್ಲಿಯೂ ಮಾಡಲಿ. ಡಬ್ಬಿಯ ಮೇಲೆ ಕನ್ನಡದಲ್ಲಿ ಆ ತಾರೀಖನ್ನು ಅಚ್ಚುಹಾಕುವಂತೆ ನಮ್ಮ ಸಂಸತ್ಸದಸ್ಯರು ಒತ್ತಾಯಪಡಿಸಬೇಕು.

ಸರಕಾರವು ಮಾಡುವವರೆಗೆ ನಾವು ಕೈಕಟ್ಟಿ ಕೂಡಬೇಕಾದುದಿಲ್ಲ. ಪ್ರತಿಯೊಬ್ಬ ವಾಚಕರೂ ಇಂದೇ ತಮ್ಮ ಫೋನಿನ ಸೆಟ್ಟಿಂಗುಗಳಲ್ಲಿ ಫೋನಿನ ವಿವರವನ್ನು ತೆರೆದು, ಆಂಡ್ರಾಯ್ಡ್ ಭದ್ರತಾ ಪರಿಷ್ಕರಣದ ತಾರೀಖನ್ನು ನೋಡಲಿ. ಓದುಬಾರದ ಹಿರಿಯರಿಗೆ ಮನೆಯ ಶಾಲಾಮಕ್ಕಳು ನೋಡಿ ಹೇಳಲಿ. ಪರಿಷ್ಕರಣವು ಕಾದಿದ್ದರೆ ರಾತ್ರಿ ಚಾರ್ಜಿಗೆ ಇಟ್ಟಾಗ ಅದನ್ನು ಹಾಕಿಕೊಳ್ಳಲಿ. ತಾರೀಖು ಎರಡು ವರ್ಷ ಹಿಂದಿನದಾಗಿದ್ದು ಹೊಸ ಪರಿಷ್ಕರಣವು ಬಾರದಿದ್ದರೆ, ಆ ಫೋನಿನಲ್ಲಿ ಮಾತನಾಡಲಿ, ಹಾಡು ಕೇಳಲಿ. ಬ್ಯಾಂಕಿನ ವ್ಯವಹಾರವನ್ನು ಅದರಿಂದ ತೆಗೆದುಬಿಡಲಿ. ಇದಕ್ಕೆ ಖರ್ಚಿಲ್ಲ, ಪಾಂಡಿತ್ಯ ಬೇಕಿಲ್ಲ, ಯಾರ ಶಿಫಾರಸೂ ಬೇಡ.

ನಮ್ಮದು ಮಳೆ ಕಡಮೆಯ ಸೀಮೆ. ಬಂದ ನೀರನ್ನು ನಿಲ್ಲಿಸಿ ಕಾಯುವುದರಿಂದಲೇ ಇಲ್ಲಿ ಬೇಸಾಯವು ನಡೆದು ಬಂದಿದೆ. ಕೆರೆಯ ಏರಿಯಲ್ಲಿ ಇಲಿಯ ಬಿಲ ಕಂಡರೆ ಅದೇ ದಿನ ಮಣ್ಣು ತುಂಬುವುದು ಹಳೆಯ ನಡವಳಿಕೆ. ಮಳೆಗಾಲವು ಬರಲಿ, ಆಮೇಲೆ ನೋಡೋಣವೆಂದು ಯಾರೂ ಅನ್ನುತ್ತಿರಲಿಲ್ಲ. ಆ ವಿವೇಕವೇ ಇಂದು ಹೊಸ ಕೆರೆಗಳಿಗೆ ಬೇಕಾಗಿದೆ. ನಮ್ಮ ಭೂಮಿಯ ಹಕ್ಕು, ಬೆವರಿನ ಹಣ, ಮಕ್ಕಳ ಪ್ರಮಾಣಪತ್ರ ಇವೆಲ್ಲ ಆ ಏರಿಯ ಹಿಂದೆ ನಿಂತಿವೆ. ಬಿಲವೆಲ್ಲಿದೆಯೆಂದು ತೋರಿಸುವವರಿದ್ದಾರೆ; ಮಣ್ಣನ್ನೂ ಅವರೇ ತಂದು ಹಾಕಿದ್ದಾರೆ. ತುಂಬುವ ಕೈಯಾದರೂ ನಮ್ಮದಾಗಬೇಡವೆ?